ಎರಡೆಳೆ ಪಾಕದ ಜಾಮ್

ಮುಲುಂಡದ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಪೈಪ್ ಗ್ಯಾಸಿನ ಹಳದಿ ಹಿಡಿಯೊಂದಿದೆ. ಅಡ್ಡ ತಿರುಗಿಸಿದರೆ ಗ್ಯಾಸ್ ಬಂದ್, ಕೆಳಕ್ಕೆ ಎಳೆದರೆ ಚಾಲೂ. ಅದು ನನ್ನ ಕೈಗೆ ನಿಲುಕುವುದಿಲ್ಲ. ಕಳೆದ ಚಳಿಗಾಲದಿಂದ ನನ್ನ ಮಗ ಮತ್ತು ಸೊಸೆ ಬೆಳಿಗ್ಗೆ ಫೋರ್ಟಿನ ತಮ್ಮ ಆಫೀಸುಗಳಿಗೆ ಹೊರಡುವ ಮುಂಚೆ ಆ ಹಿಡಿಯನ್ನು ಅಡ್ಡ ತಿರುಗಿಸಿಯೇ ಚಪ್ಪಲಿ ಮೆಟ್ಟುತ್ತಿದ್ದರು. ಅವರಿಲ್ಲದಾಗ ನಾನು ಒಲೆ ಹಚ್ಚಬಾರದು, ಅಷ್ಟೇ.

ಕಾರಣವನ್ನೇನೂ ಮುಚ್ಚಿಡುವುದಿಲ್ಲ. ಒಂದು ಮಧ್ಯಾಹ್ನ ಹಾಲು ಕಾಯಲು ಇಟ್ಟು, ಧಾರವಾಡದಿಂದ ತಂಗಿಯ ಫೋನ್ ಬಂತೆಂದು ಹೋಗಿ ಕೂತೆ. ಹಾಲು ಉಕ್ಕಿ ಉರಿ ಆರಿತು, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಅಷ್ಟರಲ್ಲಿ ಅಂದು ಅರ್ಧ ದಿನದ ರಜೆ ಹಾಕಿದ್ದ ಸೊಸೆ ಬಂದಳು, ಕಿಟಕಿ ತೆರೆದಳು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದೇ ಊಟದ ಹೊತ್ತಿಗೆ ತೀರ್ಪು ಹೊರಬಿತ್ತು.

"ಅವ್ವಾ, ಇನ್ನ ಒಲಿ ಉಸಾಬರಿ ನಿನಗ ಬ್ಯಾಡ. ಆರಾಮ ಕೂಡು," ಎಂದ ಮಗ.

ಇದೇ ಮಗ ಒಮ್ಮೆ ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿಟ್ಟು ಹೊರಟು, ಪ್ಲಾಟ್‌ಫಾರ್ಮಿನಿಂದ ಬೆವರೊರೆಸಿಕೊಳ್ಳುತ್ತ ಓಡಿ ಬಂದವನು. ಅವನ ಕೈಯಿಂದ ಇಸ್ತ್ರಿಪೆಟ್ಟಿಗೆಯನ್ನು ಯಾರೂ ಕಸಿದುಕೊಳ್ಳಲಿಲ್ಲ. ನನಗೆ ಮಾತ್ರ ಮಧ್ಯಾಹ್ನಕ್ಕೆ ಹೊರಗಿನ ಊಟದ ಡಬ್ಬಿ, ಮೂರು ಗಂಟೆಗೆ ಫ್ಲಾಸ್ಕಿನ ಚಹಾ. ಬೆಳಿಗ್ಗೆ ತುಂಬಿಟ್ಟ ಆ ಚಹಾಕ್ಕೆ ಫ್ಲಾಸ್ಕಿನ ರುಚಿಯೇ ಹೊರತು ಚಹಾದ ರುಚಿ ಇರುತ್ತಿರಲಿಲ್ಲ. ಗಂಡ ಹೋದಾಗ ಕೂಡ ಮನೆ ನನ್ನದೇ ಅನಿಸಿತ್ತು. ಈ ಹಿಡಿ ಅಡ್ಡ ತಿರುಗಿದ ಮೇಲೆ ನಾನು ಇಲ್ಲಿ ಬಂದುಳಿದವಳು ಎನ್ನಿಸತೊಡಗಿತು. ಅದು ನನಗೆ ಸಹಿಸಲಾಗದ ಸಿಟ್ಟು ತರಿಸಿತು.

ಆ ಸಿಟ್ಟಿಗೊಂದು ದಾರಿ ತೋರಿಸಿದ್ದು ಸೊಸೆ ತಂದ ಜಾಮ್. ಚಂದದ ಬಾಟಲಿ, ಮೇಲೆ ನಾಲ್ಕಾರು ತರದ ಬೆರಿಗಳ ಚಿತ್ರ. ಮಗ ಬ್ರೆಡ್ಡಿಗೆ ದಪ್ಪಗೆ ಸವರಿಕೊಂಡು ಆಹಾ ಓಹೋ ಅನ್ನುತ್ತಿದ್ದ. ನಾನೂ ಬೆರಳಿಗೆ ಹಚ್ಚಿ ನೆಕ್ಕಿದೆ. ಸಕ್ಕರೆ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಇದಕ್ಕಿಂತ ಛಲೋ ನಾ ಮಾಡ್ತೀನಿ," ಎಂದೆ.

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಚಿಕ್ಕ ಮಕ್ಕಳು ದೊಡ್ಡ ಮಾತಾಡಿದಾಗ ನಗುತ್ತಾರಲ್ಲ, ಅಂಥದ್ದು. ಅದೇ ನನಗೆ ನಾಟಿದ್ದು. ಬೈದಿದ್ದರೆ ಸುಮ್ಮನಿರುತ್ತಿದ್ದೆನೇನೋ.

ಮರುದಿನ ಅವರು ಲೋಕಲ್ ಹಿಡಿಯಲು ಹೋದ ಮೇಲೆ, ಗದ್ದಲ ಇಳಿಯುವವರೆಗೆ ಕಾದು, ನಾನೂ ಲೋಕಲ್ ಹಿಡಿದೆ. ದಾದರ್ ಮಾರ್ಕೆಟ್ಟಿನಲ್ಲಿ ಸ್ಟ್ರಾಬೆರಿ ಮುಗಿಯುತ್ತ ಬಂದಿತ್ತು. ಮಹಾಬಳೇಶ್ವರದ ಕೊನೆಯ ಬೆಳೆ, ಮೆತ್ತಗಾಗಿತ್ತು, ಜಾಮಿಗೆ ಅದೇ ಬೇಕು. ಪಕ್ಕದಲ್ಲೇ ಕಪ್ಪು ಹಿಪ್ಪುನೇರಳೆ. ಎರಡನ್ನೂ ಕೊಂಡೆ. ಸೇತುವೆಯ ಮೆಟ್ಟಿಲ ಬುಡದಲ್ಲಿ ಒಬ್ಬಾಕೆ ಎಲೆಯ ದೊನ್ನೆಗಳಲ್ಲಿ ಕವಳಿ ಹಣ್ಣು ಇಟ್ಟುಕೊಂಡು ಕೂತಿದ್ದಳು. ಕವಳಿ ಕಂಡರೆ ನನಗೆ ತವರಿನ ಗುಡ್ಡವೇ ಕಣ್ಮುಂದೆ ಬರುತ್ತದೆ. ಹುಳಿ, ಒಗರು, ಕೈಗೆಲ್ಲ ಅಂಟು. ದೊನ್ನೆಗಳಲ್ಲಿದ್ದದ್ದೆಲ್ಲ ಕೊಡು ಎಂದೆ.

"ಸಗ್ಳಿ? ಕಾಯ್ ಕರ್ಣಾರ್ ಆಜಿ?" ಎಂದಳು, ಇಷ್ಟೆಲ್ಲ ಇಟ್ಟುಕೊಂಡು ಈ ಅಜ್ಜಿ ಏನು ಮಾಡುತ್ತಾಳೆಂದು.

"ಜಾಮ್," ಎಂದೆ. ಆಕೆ ನಗಲಿಲ್ಲ. ಹಿಂದಿದ್ದ ಬುಟ್ಟಿಯಿಂದ ಮೇಲೊಂದು ಹಿಡಿ ಜಾಸ್ತಿಯೇ ಹಾಕಿದಳು.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಲಟ್ಟಣಿಗೆ ತೆಗೆದುಕೊಂಡದ್ದು. ಅದರ ತುದಿಯನ್ನು ಹಳದಿ ಹಿಡಿಯ ಮೇಲೆ ಕೊಟ್ಟು ಕೆಳಕ್ಕೆ ಒತ್ತಿದೆ. ಕಟ್ಟೆಂದು ತಿರುಗಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ ಎಂದು ನನ್ನನ್ನೇ ಬೈದುಕೊಂಡೆ.

ಕವಳಿಯನ್ನು ಬೇಯಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆದೆ. ತಂದ ಹಣ್ಣಿನಲ್ಲಿ ಅರ್ಧದಷ್ಟು, ಸಕ್ಕರೆ ಎಲ್ಲ ಕೂಡಿಸಿ ದಪ್ಪ ತಳದ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಮನೆ ತುಂಬ ಹುಳಿಸಿಹಿ ವಾಸನೆ. ಕೆಂಪು ಗುಳ್ಳೆಗಳು ಎದ್ದು ಒಡೆಯುತ್ತಿದ್ದವು, ಮುಂಗೈಗೆ ಚಟಚಟ ಸಿಡಿಯುತ್ತಿದ್ದವು. ಸಿಡಿಯಲಿ ಬಿಡು ಎಂದುಕೊಂಡೆ. ಅಷ್ಟು ಖುಷಿಯಾಗಿತ್ತು.

ನಡುವೆ ಫೋನ್ ಬಂತು. ತಂಗಿಯದೇ ಇರಬೇಕು, ಅವಳ ಹೊತ್ತದು. ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ನಾನು ಸೌಟು ಬಿಡಲಿಲ್ಲ.

ತಪ್ಪಿದ್ದು ಬೇರೆ ಕಡೆ. ಜಾಮ್ ಆಯಿತೆಂದು ತಿಳಿಯುವುದು ಹೇಗೆ? ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವುದು ಒಂದೇ ಪರೀಕ್ಷೆ. ಹನಿ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆ ನೋಡುವುದು. ಉಂಡಿ ಕಟ್ಟಲು ಎರಡೆಳೆ ಬರಬೇಕು. ಜನ್ಮವಿಡೀ ಉಂಡಿ ಕಟ್ಟಿದ ಕೈ, ಎರಡೆಳೆ ಬರುವವರೆಗೆ ಸೌಟು ಕೆಳಗಿಡಲಿಲ್ಲ. ಬಂದ ಮೇಲೆ ಒಲೆ ಆರಿಸಿ, ಪಾತ್ರೆ ಇಳಿಸಿ, ಬಾಟಲಿಗೆ ತುಂಬಿ, ಲಟ್ಟಣಿಗೆಯಿಂದ ಹಿಡಿಯನ್ನು ಮೊದಲಿನ ಹಾಗೆ ಅಡ್ಡ ತಿರುಗಿಸಿದೆ.

ಸಂಜೆ ಬಾಗಿಲು ತೆರೆಯುತ್ತಲೇ ಸೊಸೆಯ ಮುಖ ಬಿಳಿಚಿತು. ವಾಸನೆ ಗ್ಯಾಸಿನದಲ್ಲವೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ನಾನು ಬಾಟಲಿಯನ್ನು ಟೇಬಲ್ಲಿನ ಮೇಲಿಟ್ಟೆ. ಮಗ ಚಮಚ ಹಾಕಿದ. ಚಮಚ ಇಳಿಯಲಿಲ್ಲ. ಚಾಕು ಹಾಕಿದ, ಅದು ಅಲ್ಲೇ ಸಿಕ್ಕಿಕೊಂಡು ನಿಂತಿತು. ಬಾಟಲಿ ಬೋರಲು ಹಾಕಿ ಅಲುಗಾಡಿಸಿದ. ಏನೂ ಬೀಳಲಿಲ್ಲ.

"ನೋಡಿದ್ಯಾ ಅವ್ವಾ? ಇದಕ್ಕ ಹೇಳೂದು, ನಿನಗ ಇನ್ನ ಆಗೂದಿಲ್ಲ ಅಂತ."

ಅವನು ಹೇಳುವುದೇ ನಿಜವೇನೋ ಎನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುಗಳಿಗೆಯೇ ತಲೆಯೆತ್ತಿದೆ.

"ಜಾಮ್ ಗಟ್ಟಿ ಆಗೇದ. ಖರೇ. ಆದ್ರ ನೀವು ನನ್ನ ಕೈಯಾಗಿಂದ ಕಸಗೊಂಡಿದ್ದು ಜಾಮ್ ಅಲ್ಲ, ಒಲಿ. ಹೋಗಿ ಒಲಿ ನೋಡ್ರಿ. ಆರೇದೋ ಇಲ್ಲೋ?"

ಸೊಸೆ ಅಡುಗೆಮನೆಗೆ ಹೋಗಿ ಒಲೆಯ ಬಿರಡೆಗಳನ್ನು ಒಂದೊಂದಾಗಿ ಮುಟ್ಟಿದಳು, ತಲೆಯೆತ್ತಿ ಹಳದಿ ಹಿಡಿ ನೋಡಿದಳು.

"ಅತ್ತಿ, ವಾಲ್ವ್ ಹೆಂಗ ತೆಗದ್ರಿ? ಸ್ಟೂಲ್ ಹತ್ತಿದ್ರೇನು?"

"ಲಟ್ಟಣಿಗಿ," ಎಂದೆ.

ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಈ ಸಲ ನಗು ಬೇರೆ ತರದ್ದಾಗಿತ್ತು. ಮಗ ಮಾತ್ರ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಲು ಎದ್ದ. ನಾನು ಕಸಿದುಕೊಂಡೆ. ಬಿಸಿನೀರಿನಲ್ಲಿಟ್ಟು ಸಡಿಲಿಸಿ, ಹುರಿದ ಶೇಂಗಾ ಪುಡಿ ಕಲಸಿ, ಅವರೆದುರಿಗೇ ಉಂಡಿ ಕಟ್ಟಿದೆ. ಹುಳಿ ಉಂಡಿಯನ್ನು ಯಾರಾದರೂ ಕೇಳಿದ್ದಾರೆಯೇ ಎಂದು ಮಗ ಗೊಣಗಿದ. ಗೊಣಗುತ್ತಲೇ ತಿಂದ, ಮತ್ತೊಂದಕ್ಕೆ ಕೈ ಹಾಕಿದ.

ಮರುದಿನ ಬೆಳಿಗ್ಗೆ ಹೊರಡುವಾಗ ಅವನ ಕೈ ರೂಢಿಯಂತೆ ಹಿಡಿಯ ಕಡೆ ಹೋಯಿತು. ನಾನು ಲಟ್ಟಣಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ತಿರುಗಿಸು. ನೀ ಗೇಟ್ ದಾಟೂದ್ರಾಗ ನಾ ಮತ್ತ ತಿರುಗಿಸಿರ್ತೀನಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ಬಿಡ್ರಿ, ಲೋಕಲ್ ತಪ್ಪತದ," ಎಂದಳು. ಅವನು ಕೈ ಇಳಿಸಿದ.

ಫ್ಲಾಸ್ಕನ್ನು ತೊಳೆದು ಅಟ್ಟದ ಮೇಲೆ ಹಾಕಿದೆ. ಉಳಿದರ್ಧ ಹಣ್ಣನ್ನು ಕುದಿಯಲಿಟ್ಟೆ. ಈ ಸಲ ಒಂದೇ ಎಳೆ ಬರಲೆಂದು ಬೆರಳು ನೋಡುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು. ಎಡಗೈಯಿಂದ ಎತ್ತಿದೆ.

"ನಿನ್ನೆ ಎಲ್ಲಿ ಸತ್ತಿದ್ದಿ? ಎಷ್ಟ ಸಲ ಮಾಡಿದೆ!" ತಂಗಿ ಶುರು ಮಾಡಿದಳು.

"ಆಮ್ಯಾಲ ಮಾತಾಡೂಣ, ಇಡು," ಎಂದೆ. "ನನ್ನ ಒಲಿ ಹತ್ತೇದ."