ಹುಳ ಎಣಿಸುವ ಊರಿನಲ್ಲಿ

ನಮ್ಮ ಅಕ್ಕಿಆಲೂರಿನಲ್ಲಿ ಅಕ್ಕಿಗೆ ಹುಳ ಬಿದ್ದರೆ ಮಿಲ್ಲಿನವರ ಮಾನ ಹೋಗುತ್ತದೆ. ಇಲ್ಲಿ ಕೊಯಮತ್ತೂರಿನ ವಿಶ್ವವಿದ್ಯಾಲಯದಲ್ಲಿ ಹುಳಕ್ಕೆ ಬೇರೆ ಕೋಣೆ, ಹದವಾದ ಬಿಸಿ, ಗಾಜಿನ ಡಬ್ಬಿ, ಡಬ್ಬಿಗೊಂದು ಚೀಟಿ. ನಮ್ಮ ಬಾಡಿಗೆ ಕೋಣೆಯ ಕಿಟಕಿ ನೆಟ್ಟಗೆ ಮುಚ್ಚುವುದೂ ಇಲ್ಲ. ಮೊದಲ ದಿನ ತಲೆ ತಿರುಗಿತು ನೋಡ್ರಿ.

ಓದುವ ವಯಸ್ಸಿನ ಹುಡುಗರನ್ನು ಲ್ಯಾಬಿಗೆ ಕರೆದು ನಿಜವಾದ ಸಂಶೋಧನೆಯನ್ನೇ ಮಾಡಿಸುವ ಯೋಜನೆಯದು. ಪಿಯುಸಿ ಮುಗಿಸಿದ ನನ್ನ ಮಗಳು ಗಿರಿಜಾ, ಡಿಗ್ರಿ ಸೇರುವುದನ್ನು ಒಂದು ವರ್ಷ ಮುಂದೂಡಿ ಬಂದಳು. ಬೀಗರು, ನೆಂಟರೆಲ್ಲ ನಕ್ಕರು. ಅವಳ ಪ್ರಶ್ನೆ ಸರಳ: ನಮ್ಮವ್ವ, ಅಂದರೆ ಅವಳ ಅಜ್ಜಿ, ಅಕ್ಕಿಯೊಳಗೆ ಹಾಕುತ್ತಿದ್ದ ಲಕ್ಕಿ ಸೊಪ್ಪು ನಿಜಕ್ಕೂ ಹುಳ ತಡೆಯುತ್ತದಾ, ಇಲ್ಲ ಬರೀ ನಂಬಿಕೆಯಾ? ಜೊತೆಗೆ ಮನೆಯವರೊಬ್ಬರು ಇರಬೇಕು ಅಂದರು ಯೋಜನೆಯವರು. ಹೆಂಡತಿ ಅಂಗನವಾಡಿ ಬಿಡುವಂತಿಲ್ಲ. ಇಪ್ಪತ್ತು ವರ್ಷ ಮಿಲ್ಲಿನಲ್ಲಿ ಅಕ್ಕಿ ನೋಡಿ ಪಾಸು ಮಾಡುತ್ತಿದ್ದ ನಾನೇ ಗಂಟು ಕಟ್ಟಿದೆ.

ಇಲ್ಲಿ ಜೋಳಕ್ಕೆ ಚೋಳಂ ಅಂತಾರೆ. ಹಿಟ್ಟು ಬೇಕು ಅಂದರೆ ಅಂಗಡಿಯವನು ದನಕ್ಕಾ ಅಂತ ಕೇಳಿದ. ರೊಟ್ಟಿ ಬಡಿಯಲು ಕಲಿತದ್ದು ನಲವತ್ತೆಂಟನೇ ವಯಸ್ಸಿಗೆ, ಫೋನಿನಲ್ಲಿ ಹೆಂಡತಿಯ ಬೈಗುಳ ಕೇಳುತ್ತ. ಮನೆಯೊಡತಿ ದಿನಾ ಬಾಗಿಲಲ್ಲಿ "ಸಾಪ್ಟೀಂಗಳಾ?" ಅಂತಾಳೆ. ಊಟ ಆಯ್ತಾ ಅಂತ. ಆಯ್ತು ಅನ್ನುತ್ತೇನೆ. ಹಗಲೆಲ್ಲ ನನ್ನ ಮಾತು ಅಷ್ಟೇ.

ಅದಕ್ಕೇ ಶನಿವಾರ ಲ್ಯಾಬಿಗೆ ಬುತ್ತಿ ಒಯ್ಯುವುದು ನನಗೆ ಹಬ್ಬ. ಆರನೇ ಶನಿವಾರ ಹೋದಾಗ ಗಿರಿಜಾ ಇರಲಿಲ್ಲ. ಮೇಜಿನ ಮೇಲೆ ಸೊಪ್ಪು ಹಾಕದ ಅಕ್ಕಿಯ ಡಬ್ಬಿ ತೆರೆದಿತ್ತು. ಒಳಗೆ ಹುಳ ಮಿಜಿಮಿಜಿ. ನನ್ನ ಕೈ ಸುಮ್ಮನಿರಲಿಲ್ಲ. ಪೇಪರಿನ ಮೇಲೆ ಸುರುವಿ, ಒಂದೊಂದಾಗಿ ಆರಿಸಿ ಕಿಟಕಿಯಾಚೆ ಒಗೆದೆ. ಅಕ್ಕಿ ಮಲ್ಲಿಗೆಯಂತಾಯಿತು.

"ಅಪ್ಪಾ, ಏನ್ ಮಾಡಿದಿ?" ಬಾಗಿಲಲ್ಲಿ ಗಿರಿಜಾ.

"ಹುಳ ತಗದೆ ಅವ್ವಾ."

"ಎಷ್ಟಿದ್ವು?"

"ಹುಳ ಯಾರರ ಎಣಿಸಿ ಒಗೀತಾರೇನ?"

ಅವಳು ಗೋಡೆಗೆ ಒರಗಿ ನಿಂತಳು. ಸೊಪ್ಪಿನ ಡಬ್ಬಿಯನ್ನು ಹೋಲಿಸಿ ನೋಡುವುದೇ ಈ ಡಬ್ಬಿಯ ಜೊತೆ. ಅಂದು ಎರಡರ ಎಣಿಕೆಯೂ ಇತ್ತು.

"ಹ್ವಾದ ವಾರದ್ದಕ್ಕ ಒಂದಿಷ್ಟು ಕೂಡಿಸಿ ಬರಿ. ಯಾರಿಗೆ ಗೊತ್ತಾಕ್ಕೈತಿ?" ಅಂದೆ.

"ನನಗ ಗೊತ್ತಾಕ್ಕೈತಲ್ಲ. ಊರಿಗೆ ಕಳಸಿದ್ರ ಕಳಸ್ಲಿ."

ಲ್ಯಾಬು ನೋಡಿಕೊಳ್ಳುವ ಮೇಡಂ ಹತ್ತಿರ ಇಬ್ಬರೂ ಹೋದೆವು. ತಪ್ಪು ನನ್ನದು ಅಂತ ಕೈ ಮುಗಿದೆ. ಗಿರಿಜಾ ಇಂಗ್ಲಿಷಿನಲ್ಲಿ ಹೇಳಿದಳು. ಅವರು ನಗಲಿಲ್ಲ, ಬೈಯಲೂ ಇಲ್ಲ. ಆರನೇ ವಾರದ ಜಾಗ ಖಾಲಿ ಬಿಡು, ಕಾರಣ ಬರೆ, ಎರಡೂ ಡಬ್ಬಿ ಮೊದಲಿನಿಂದ ಶುರು ಮಾಡು ಅಂದರು. ಗಿರಿಜಾ ಅಲ್ಲೇ ಬರೆದು ನನಗೆ ಓದಿ ಹೇಳಿದಳು: "ಎಣಿಕೆ ಇಲ್ಲ. ನಮ್ಮಪ್ಪ ಅಕ್ಕಿ ಹಸನು ಮಾಡಿದರು."

ಮಗಳು ಉಳಿದಳು. ಯುಗಾದಿಗೆ ಊರಿಗೆ ಹೋಗುವುದು ತಪ್ಪಿತು. ಫೋನಿನಲ್ಲಿ ಹೆಂಡತಿ ಬಿಡಲಿಲ್ಲ: "ಮನ್ಯಾಗ ಒಮ್ಮೆರ ಅಕ್ಕಿ ಆರಿಸೀರೇನ್ರಿ? ಅಲ್ಲಿ ಹೋಗಿ ಕೈ ಆಡಸಾಕತ್ತೀರಿ!"

ಈಗ ಶನಿವಾರ ಕೈ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಲ್ಲುತ್ತೇನೆ. ಗಿರಿಜಾ ಕರೆದು ಪೆನ್ನು ಕೊಟ್ಟ ಮೇಲೆಯೇ ಒಳಗೆ; ಅವಳು ಎಣಿಸುತ್ತಾಳೆ, ನಾನು ಹಾಳೆಯ ಮೇಲೆ ಗೀಟು ಹಾಕುತ್ತೇನೆ. ಸೊಪ್ಪಿನ ಡಬ್ಬಿಯಲ್ಲಿ ಹುಳ ಕಡಿಮೆ ಕಾಣುತ್ತಿವೆ. ನಮ್ಮವ್ವ ಗೆದ್ದಳು ಅಂದರೆ ಮಗಳು ಇನ್ನೂ ಒಪ್ಪುವುದಿಲ್ಲ.

ಹೋದ ತಿಂಗಳು ಎರಡು ದಿನ ಊರಿಗೆ ಹೋಗಿದ್ದೆ. ಹೆಂಡತಿ ಮೊರದಲ್ಲಿ ಅಕ್ಕಿ ಹಾಕಿ ಮೊದಲ ಹುಳಕ್ಕೆ ಕೈ ಹಾಕಿದಳು.

"ತಡಿ, ಒಗೀಬ್ಯಾಡ," ಅಂದೆ.

ಅವಳು ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. "ನೀವು ಈಗ ಯಾವ ಊರವರ್ರಿ?"

ಅಷ್ಟರಲ್ಲಿ ನನ್ನ ಎಣಿಕೆ ಮುಗಿದಿತ್ತು.

"ಹನ್ನೊಂದು," ಅಂದೆ.