ಬಕೆಟ್ಟಿನ ತುಂಬ ಫೋನು

ಹಾಸ್ಟೆಲ್ಲಿನ ಮೆಟ್ಟಿಲ ಪಕ್ಕದ ಸ್ಟೀಲ್ ಬಕೆಟ್ಟಿನಲ್ಲಿ ನೀರಿರಲಿಲ್ಲ, ತುಂಬ ಮೊಬೈಲುಗಳಿದ್ದವು! ಬಳ್ಳಾರಿಯಲ್ಲಿ ಓದುವ ಅಕ್ಕನ ಮಗಳು ಕಾವ್ಯಾಳಿಗೆ ಚಕ್ಕುಲಿ ಕೊಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಕಾವ್ಯಾ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರಿ ಚಿಕ್ಕಮ್ಮ. ಒಳಗ ಕುರುಗೋಡಿನ ರೇಣುಕಂದು ಆನ್‌ಲೈನ್ ಇಂಟರ್‌ವ್ಯೂ ನಡದೈತಿ. ಎಲ್ಲಾರೂ ಫೋನ್ ಹಚ್ಚಿದ್ರ ನಮ್ಮ ಹಾಸ್ಟೆಲ್ ವೈಫೈ ನಿಂತಬಿಡ್ತೈತಿ. ಹೋದ ಸಲ ಹಂಗ ಆಗಿ ಆಕಿಗೆ ಕೆಲಸ ತಪ್ಪಿತು. ಅದಕ್ಕ ಇವತ್ತು ಎಲ್ಲಾ ಆಫ್."

ನಾನೂ ನನ್ನ ಫೋನ್ ಆಫ್ ಮಾಡಿ ಬಕೆಟ್ಟಿಗೆ ಹಾಕಿದೆ. ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. "ಆಂಟಿ, ನಿಮ್ದು ನಮ್ಮ ವೈಫೈದಾಗ ಇಲ್ಲೇ ಇಲ್ಲ, ಯಾಕ ಹಾಕಿದ್ರಿ?" ಎಂದಳೊಬ್ಬಳು. ಆದರೂ ತೆಗೆಯಲು ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಒಂದ ಸಲಾನೂ ನಿಲ್ಲಲಿಲ್ಲ ನೋಡ್ರೇ!" ಎನ್ನುತ್ತ ಬಂದ ರೇಣುಕಾ, ಬಕೆಟ್ಟಿನ ಮುಂದೆ ಕುಳಿತು ಒಂದೊಂದೇ ಫೋನನ್ನು ದುಪಟ್ಟಾದಿಂದ ಒರೆಸಿ ಅವರವರ ಕೈಗೆ ಕೊಟ್ಟಳು. ನನ್ನದನ್ನೂ.

ಕೆಲಸ ಸಿಕ್ಕಿತೋ ಇಲ್ಲವೋ ಇನ್ನೂ ತಿಳಿದಿಲ್ಲ. ಆದರೆ ಮನೆಯಲ್ಲಿ ವಿಡಿಯೊ ಅರ್ಧಕ್ಕೆ ನಿಂತರೆ ನಾನೀಗ ಗೊಣಗುವುದಿಲ್ಲ. ಎಲ್ಲೋ ಒಬ್ಬ ಹುಡುಗಿ ಉತ್ತರ ಹೇಳುತ್ತಿರಬಹುದು ಎಂದುಕೊಂಡು ಸುಮ್ಮನೆ ಕಾಯುತ್ತೇನೆ.