ಏಳರಲ್ಲಿ ಎರಡು ಗೆದ್ದ ನ್ಯಾಮತಿ

೧೯೭೯ರಲ್ಲಿ ನಾನು ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಶಾಲೆಯ ಕೆಲಸದ ಜೊತೆಗೆ ಸುತ್ತಲಿನ ವಾಲಿಬಾಲ್ ಲೀಗ್‌ನ ಕಾರ್ಯದರ್ಶಿಗಿರಿಯೂ ನನ್ನ ತಲೆಗೇ ಬಂದಿತ್ತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಬಸವಾಪಟ್ಟಣ, ಸಂತೇಬೆನ್ನೂರು, ಕತ್ತಲಗೆರೆ, ಉಬ್ರಾಣಿ ಮತ್ತು ಜಗಳೂರು, ಹೀಗೆ ಎಂಟು ತಂಡ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯದು, ಉಳಿದವು ಶಿವಮೊಗ್ಗದವು. ಆದರೂ ಜಗಳೂರಿನವರು ಬಸ್ಸಿಂದ ಬಸ್ಸಿಗೆ ಹತ್ತಿಳಿದು ಬಂದು ಆಡುತ್ತಿದ್ದರು.

ಲೀಗ್ ಎಂದರೆ ಒಮ್ಮೆ ಸೋತರೆ ಗಂಟುಮೂಟೆ ಕಟ್ಟುವ ಪಂದ್ಯಾವಳಿಯಲ್ಲ. ಪ್ರತಿ ತಂಡವೂ ಉಳಿದ ಏಳು ತಂಡಗಳೊಡನೆ ಎರಡೆರಡು ಸಲ ಆಡಬೇಕು. ಭಾನುವಾರಕ್ಕೊಂದರಂತೆ ಹದಿನಾಲ್ಕು ಪಂದ್ಯ, ಗೆದ್ದರೆ ಎರಡು ಪಾಯಿಂಟ್, ಕೊನೆಗೆ ಮೊದಲ ನಾಲ್ಕು ಸ್ಥಾನದವರಿಗೆ ಸೆಮಿಫೈನಲ್. ಹಿಂದೆಲ್ಲ ಜನವರಿಯಲ್ಲಿ ಶುರುವಾಗುತ್ತಿತ್ತು. ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಆ ವರ್ಷ ನಾನೇ ಹಟ ಹಿಡಿದು ಸೆಪ್ಟೆಂಬರಿಗೆ ತಂದಿದ್ದೆ.

ನಮ್ಮೂರಿನ ಆಟಕ್ಕೆ ನಾನು ಅಂಪೈರ್ ಆಗುತ್ತಿರಲಿಲ್ಲ. ಪಕ್ಷಪಾತದ ಮಾತು ಬಾರದಿರಲೆಂದು ಪ್ರತಿ ಭಾನುವಾರ ಬೇರೆ ಊರಿನ ಪಂದ್ಯಕ್ಕೆ ಹೋಗುತ್ತಿದ್ದೆ. ಉಳಿದ ಪಂದ್ಯಗಳ ಸ್ಕೋರ್ ಶೀಟುಗಳು ಸೋಮವಾರ ಬಸ್ ಕಂಡಕ್ಟರುಗಳ ಕೈಯಲ್ಲಿ ಬರುತ್ತಿದ್ದವು. ಶೀಟಿನ ಮೇಲ್ಗಡೆ ಆಟಗಾರರ ಹೆಸರು ಮತ್ತು ಸಹಿ, ಕೆಳಗೆ ಫಲಿತಾಂಶ. ನಾನು ಕೆಳಗಿನ ಸಾಲನ್ನಷ್ಟೇ ನೋಡಿ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡು ಶೀಟನ್ನು ಫೈಲಿಗೆ ಸೇರಿಸುತ್ತಿದ್ದೆ.

ಏಳು ಪಂದ್ಯ ಮುಗಿದ ಹೊತ್ತಿಗೆ ದೂರದ ಕಾರ್ಖಾನೆಯೊಂದರ ವಾಲಿಬಾಲ್ ಕೋಚ್ ಪತ್ರ ಬರೆದರು. ಕ್ರೀಡಾ ಕೋಟಾದಲ್ಲಿ ಇಬ್ಬರಿಗೆ ಕಾಯಂ ಕೆಲಸ ಇದೆ, ವಯಸ್ಸು ಇಪ್ಪತ್ತೈದು ದಾಟಿರಬಾರದು. ದೀಪಾವಳಿ ಕಳೆದ ಮೊದಲ ಭಾನುವಾರ ಚನ್ನಗಿರಿಗೆ ಬರುತ್ತೇನೆ, ಎಂಟೂ ತಂಡ ನೋಡಲು ಪುರಸೊತ್ತಿಲ್ಲ. ಸೆಮಿಫೈನಲ್ ತಲುಪುವ ನಾಲ್ಕು ತಂಡ ಯಾವುವೆಂದು ನೀವೇ ಅಂದಾಜು ಮಾಡಿ ತಿಳಿಸಿ, ಆ ಆಟಗಾರರನ್ನಷ್ಟೇ ಕರೆಸುತ್ತೇನೆ. ಪತ್ರದ ಸಾರಾಂಶ ಇಷ್ಟು.

ನನಗೆ ಒಳಗೊಳಗೇ ಹೆಮ್ಮೆ. ಅಂಕಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ಕಾಲ ಅದು. ಜಗಳೂರು, ಚನ್ನಗಿರಿ ಆರಾರು ಗೆದ್ದಿದ್ದವು, ಬಸವಾಪಟ್ಟಣ ಐದು, ಹೊನ್ನಾಳಿ ನಾಲ್ಕು, ಉಬ್ರಾಣಿ ಮೂರು. ನಮ್ಮ ನ್ಯಾಮತಿ ಏಳರಲ್ಲಿ ಎರಡು. ಹಿಂದಿನ ಎರಡು ವರ್ಷವೂ ನಾಲ್ಕನೆಯ ಸ್ಥಾನಕ್ಕೆ ಎಂಟು ಗೆಲುವು ಬೇಕಾಗಿತ್ತು. ಹಾಗಾದರೆ ನ್ಯಾಮತಿ ಉಳಿದ ಏಳರಲ್ಲಿ ಆರು ಗೆಲ್ಲಬೇಕು. ಹಿಂದಿನ ವರ್ಷ ಸೆಮಿಫೈನಲ್ ಆಡಿದ್ದ ತಂಡ ಈ ವರ್ಷ ಸೊರಗಿದೆ ಎಂದು ತೀರ್ಮಾನಿಸಿದೆ. ಮೊದಲ ನಾಲ್ಕು ಹೆಸರು ಬರೆದು ಲಕೋಟೆ ಅಂಟಿಸಿದೆ.

ಆ ದಿನವೇ ಸಂಜೆ ಬಾಬಾಜಾನ್ ಶಾಲೆಗೆ ಬಂದ. ನ್ಯಾಮತಿ ತಂಡದ ನಾಯಕ, ಪೇಟೆ ಬೀದಿಯಲ್ಲಿ ಟೈಲರ್. ತಂಡದ ಆರು ಮಂದಿಯಲ್ಲಿ ನಾಲ್ವರು ಅದೇ ಬೀದಿಯ ಟೈಲರುಗಳು. ನಾನು ಹಬ್ಬಕ್ಕೆಂದು ಹೊಲಿಯಲು ಕೊಟ್ಟಿದ್ದ ಅಂಗಿಯನ್ನು ಇಸ್ತ್ರಿ ಮಾಡಿ ತಂದಿದ್ದ. ಅಂಗಿ ಕೊಟ್ಟವನು ಹೋಗದೆ ನಿಂತ. ಪತ್ರದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಜನವರಿಗೆ ತನಗೆ ಇಪ್ಪತ್ತೈದು ತುಂಬುತ್ತದೆ, ಇದು ಬಿಟ್ಟರೆ ಇನ್ನಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ನಮ್ಮೂರಿನ ಹೆಸರೂ ಬರೀರಿ ಮೇಷ್ಟ್ರೆ. ಹಬ್ಬ ಒಂದು ಕಳೀಲಿ, ಆಮ್ಯಾಲೆ ನಾವು ಆಡಾದು ನೋಡ್ರಿ."

ನಾನು ನೋಟ್‌ಬುಕ್ ತೆರೆದು ತೋರಿಸಿದೆ. "ಏಳರಲ್ಲಿ ಎರಡು, ಬಾಬಾ. ನಮ್ಮೂರು ಅಂತ ಬರೆದರೆ ನಾಳೆ ನಾಲ್ಕು ಜನ ಏನಂತಾರೆ?"

ಅವನು ಪುಟವನ್ನು ನೋಡಿದ, ನನ್ನ ಕೈಯಲ್ಲಿದ್ದ ಅಂಗಿಯನ್ನು ನೋಡಿದ. ಏನೋ ಹೇಳಲು ಹೊರಟವನು ತಡೆದುಕೊಂಡು, ಕಾಲರ್ ಬಿಗಿಯಾದರೆ ತಿಳಿಸಿ ಎಂದಷ್ಟೇ ಹೇಳಿ ಹೊರಟ.

ಹಬ್ಬಕ್ಕೆಂದು ಲೀಗಿಗೆ ಬಿಡುವಿತ್ತು. ದೀಪಾವಳಿ ಕಳೆಯಿತು. ಹೊಸ ಅಂಗಿ ತೊಟ್ಟು ಚನ್ನಗಿರಿಗೆ ಹೋದೆ. ಕೋಚ್ ಬಂದು ನಾಲ್ಕು ತಂಡಗಳವರನ್ನು ಆಡಿಸಿ ನೋಡಿ ಜಗಳೂರಿನವನೊಬ್ಬನನ್ನು, ಹೊನ್ನಾಳಿಯವನೊಬ್ಬನನ್ನು ಆರಿಸಿಕೊಂಡರು. ಅಚ್ಚುಕಟ್ಟಾಗಿ ಪಟ್ಟಿ ಕೊಟ್ಟಿರಿ ಎಂದು ನನ್ನ ಬೆನ್ನು ತಟ್ಟಿದರು.

ಮುಂದಿನ ಭಾನುವಾರದಿಂದ ನ್ಯಾಮತಿ ಗೆಲ್ಲತೊಡಗಿತು. ಉಬ್ರಾಣಿಯಲ್ಲಿ, ಬಸವಾಪಟ್ಟಣದಲ್ಲಿ, ಹೊನ್ನಾಳಿಯ ನೆಲದಲ್ಲೇ ಹೊನ್ನಾಳಿಯ ವಿರುದ್ಧ. ಕೊನೆಗೆ ಜಗಳೂರಿಗೊಂದು ಬಿಟ್ಟರೆ ಯಾರಿಗೂ ಸೋಲಲಿಲ್ಲ. ಎಂಟು ಗೆಲುವು, ಹದಿನಾರು ಪಾಯಿಂಟ್, ನಾಲ್ಕನೆಯ ಸ್ಥಾನ. ಹೊನ್ನಾಳಿ ಏಳಕ್ಕೇ ನಿಂತು ಹೊರಗುಳಿಯಿತು. ಸೆಮಿಫೈನಲ್‌ನಲ್ಲಿ ಬಾಬಾಜಾನನ ಸ್ಮ್ಯಾಷ್ ನೋಡಿದವರೆಲ್ಲ ಈತನಿಗೆ ಯಾಕೆ ಕೆಲಸ ಸಿಗಲಿಲ್ಲ ಎಂದು ನನ್ನನ್ನೇ ಕೇಳಿದರು. ಐದನೆಯ ಸೆಟ್ಟಿನವರೆಗೆ ಎಳೆದು ನ್ಯಾಮತಿ ಸೋತಿತು. ನಾನು ಕೋಚ್‌ಗೆ ಮತ್ತೆ ಬರೆದೆ. ಎರಡೂ ಜಾಗ ಭರ್ತಿಯಾಗಿವೆ ಎಂದು ಒಂದು ಕಾರ್ಡು ಬಂತು.

ನನ್ನ ಅಂದಾಜು ಎಲ್ಲಿ ತಪ್ಪಿತೆಂದು ತಿಳಿಯದೆ ಫೈಲು ಬಿಚ್ಚಿ ಕೂತೆ. ಮೊದಲ ಸಲ ಶೀಟುಗಳ ಮೇಲ್ಗಡೆ ಓದಿದೆ. ಮೊದಲ ಏಳು ಪಂದ್ಯಗಳಲ್ಲಿ ಬಾಬಾಜಾನನ ಸಹಿ ಎರಡರಲ್ಲಿ ಮಾತ್ರ ಇತ್ತು, ಆ ಎರಡನ್ನೇ ನ್ಯಾಮತಿ ಗೆದ್ದಿತ್ತು. ಉಳಿದ ಐದರಲ್ಲಿ ಟೈಲರುಗಳ ಬದಲಿಗೆ ಬಿಡುವಿದ್ದ ಯಾರ್ಯಾರೋ ಆಡಿದ್ದರು. ದಸರೆ, ದೀಪಾವಳಿ, ಅದರ ಬೆನ್ನಿಗೇ ಬಕ್ರೀದ್. ಆ ದಿನಗಳಲ್ಲಿ ಪೇಟೆ ಬೀದಿಯಲ್ಲಿ ಹೊಲಿಗೆ ಯಂತ್ರಕ್ಕೆ ಭಾನುವಾರವೂ ರಜೆಯಿಲ್ಲ. ಇದು ಊರಿಗೆಲ್ಲ ಗೊತ್ತು. ಗಿರಾಕಿಯಾಗಿ ನನಗೂ ಗೊತ್ತಿತ್ತು, ಕಾರ್ಯದರ್ಶಿಯಾಗಿ ಹೊಳೆದಿರಲಿಲ್ಲ. ಜಗಳೂರಿನ ವಿರುದ್ಧದ ಮೊದಲ ಪಂದ್ಯದ ತಾರೀಖು ನೋಡಿದಾಗ ನೆನಪಾಯಿತು. ಹಿಂದಿನ ದಿನ ಅಂಗಡಿಗೆ ಹೋಗಿ, ನಾಳೆ ಕೂತು ನನ್ನ ಅಂಗಿ ಮುಗಿಸಿಬಿಡಪ್ಪ ಎಂದು ಜೋರು ಮಾಡಿ ಬಂದವನು ನಾನೇ.

ಆ ಸಂಜೆಯೇ ಅಂಗಡಿಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಬಾಬಾಜಾನ್ ಯಂತ್ರ ನಿಲ್ಲಿಸಿದ. "ನಿಮ್ ಬಟ್ಟೆ ಹೊಲಿಯಾಕೆ ಹೋಗಿ ಸೋತ್ವಿ ಅಂತ ಗಿರಾಕಿಗೆ ಹೆಂಗೆ ಹೇಳಾದು ಮೇಷ್ಟ್ರೆ?" ಆಮೇಲೆ ನಗಲು ಯತ್ನಿಸಿ, "ಕಾಲರ್ ಸರಿ ಐತಲ್ಲ?" ಎಂದ.

ನನಗೆ ಅಳು ಬಂದಿತ್ತು, ಮೇಷ್ಟ್ರುತನ ಅಡ್ಡ ಬಂತು. ಸರಿಯಾಗಿದೆ ಎಂದು ತಲೆಯಾಡಿಸಿ ಬಂದೆ.

ಮರುವರ್ಷದಿಂದ ಲೀಗನ್ನು ಹಬ್ಬಗಳೆಲ್ಲ ಮುಗಿದ ಮೇಲೆ ಶುರು ಮಾಡಿದೆವು. ನಿವೃತ್ತನಾಗುವವರೆಗೂ ಯಾವ ತಂಡದ ಭವಿಷ್ಯ ಹೇಳಬೇಕಾದರೂ ಎಷ್ಟು ಗೆದ್ದರು ಎನ್ನುವ ಮೊದಲು ಯಾರು ಆಡಲಿಲ್ಲ, ಅವರು ಎಲ್ಲಿದ್ದರು ಎಂದು ಕೇಳಿದೆ. ಅದಕ್ಕೆಂದು ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದೆ. ಎಳೆದ ದಿನ ಹಳೆಯ ಏಳು ಭಾನುವಾರಗಳನ್ನೂ ತುಂಬಿಸಿದೆ. ಜಗಳೂರಿನ ಪಂದ್ಯದ ಸಾಲಿನಲ್ಲಿ, ಬಾಬಾಜಾನನ ಹೆಸರಿನ ಮುಂದೆ, ನನ್ನ ಕೈಯಾರೆ ಬರೆದೆ: ಮೇಷ್ಟ್ರ ಅಂಗಿ.